ಕಾಲಿಗೆ ಕಟ್ಟಿದ ಚೀಟಿ

ಕಲ್ಯಾಣ ದಾಟಿದ ಕಸಾರಾ ಲೋಕಲ್ ಟಿಟ್ವಾಳಾ, ವಾಸಿಂದ್, ಆಸನಗಾಂವ್‌ಗಳನ್ನು ಹಿಂದೆ ಹಾಕಿ ಆಟಗಾಂವ್ ಕಡೆ ಹೊರಟಿತೆಂದರೆ ಕಿಟಕಿಯಾಚೆ ಕಟ್ಟಡಗಳು ವಿರಳವಾಗಿ ಸಾಗುವಾನಿ ಮರಗಳು ಶುರುವಾಗುತ್ತವೆ. ಆ ಕಾಡಿನ ನಡುವೆ ತಾನಸಾ ಜಲಾಶಯವಿದೆ. 1892ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಅದರ ನೀರನ್ನು ಮುಂಬಯಿ ಇವತ್ತಿಗೂ ಕುಡಿಯುತ್ತಿದೆ. ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡಿಗರು ಶಿರ್ಡಿಗೋ ನಾಸಿಕಕ್ಕೋ ಹೋಗುವಾಗ ಈ ಕಾಡಿನ ಅಂಚನ್ನು ಹಾದೇ ಹೋಗುತ್ತಾರೆ.

2014ರ ಅಕ್ಟೋಬರಿನಲ್ಲಿ ತಾನಸಾ ಅಭಯಾರಣ್ಯಕ್ಕೆ ಹಕ್ಕಿ ನೋಡಲು ಹೋದವರ ಕಣ್ಣಿಗೆ ಹಗಲು ಹೊತ್ತಿನಲ್ಲೇ ಒಂದು ಗಿಡ್ಡ ಗೂಬೆ ಬಿತ್ತು. ಗಾತ್ರದಲ್ಲಿ ನಮ್ಮ ಹಾಲಕ್ಕಿಯಷ್ಟೇ. ಆದರೆ ಹಾಲಕ್ಕಿಯ ನೆತ್ತಿಯ ಮೇಲಿರುವ ಎದ್ದು ಕಾಣುವ ಬಿಳಿ ಚುಕ್ಕೆಗಳು ಇದಕ್ಕಿರಲಿಲ್ಲ. ತಲೆ ದಪ್ಪ, ಕೊಕ್ಕು ದಪ್ಪ, ಪಂಜ ದೊಡ್ಡದು, ಕಾಲಿನ ತುಂಬ ಬಿಳಿ ಪುಕ್ಕ. ಅದು ಫಾರೆಸ್ಟ್ ಔಲೆಟ್. ಅದುವರೆಗೆ ಸಾತ್ಪುಡಾ ಬೆಟ್ಟಸಾಲಿನ ಹಕ್ಕಿಯೆಂದೇ ಎಣಿಸಿದ್ದ ಈ ಅಡವಿಗೂಬೆ ಥಾಣೆ ಜಿಲ್ಲೆಯ ಕಾಡಿನಲ್ಲಿ, ಮುಂಬಯಿಯ ಲೋಕಲ್ ರೈಲು ಮುಟ್ಟುವಷ್ಟು ಹತ್ತಿರದಲ್ಲಿ ಇದೆಯೆಂದು ಯಾರೂ ಎಣಿಸಿರಲಿಲ್ಲ. ಅದಕ್ಕೂ ಹದಿನೇಳು ವರ್ಷ ಹಿಂದಿನ ಮಾತೆಂದರೆ, ಈ ಗೂಬೆ ಭೂಮಿಯ ಮೇಲೆ ಬದುಕಿದೆಯೆಂಬುದೇ ಯಾರಿಗೂ ಗೊತ್ತಿರಲಿಲ್ಲ. 113 ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಹಕ್ಕಿ ಕಳೆದುಹೋದ ಕಥೆಯಲ್ಲೂ ಸಿಕ್ಕಿದ ಕಥೆಯಲ್ಲೂ ನಡುವೆ ನಿಂತಿರುವುದು ಒಂದು ಚೀಟಿ. ಸತ್ತ ಹಕ್ಕಿಯ ಕಾಲಿಗೆ ದಾರದಿಂದ ಕಟ್ಟಿದ ಚಿಕ್ಕ ಕಾಗದದ ಚೀಟಿ. ಅದನ್ನು ಕಟ್ಟಿದವರಲ್ಲಿ ಒಬ್ಬ, ಮುಂದೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿ ಕಾರವಾರಕ್ಕೆ ಬಂದ ಜೇಮ್ಸ್ ಡೇವಿಡ್ಸನ್.

ಅಡವಿಗೂಬೆಗೆ ವಿಜ್ಞಾನದ ಹೆಸರು ಸಿಕ್ಕಿದ್ದು 1873ರಲ್ಲಿ. ಅದರ ಹಿಂದಿನ ವರ್ಷ ಈಗಿನ ಛತ್ತೀಸಗಡದ ಬಸ್ನಾ ಬಳಿ ಎಫ್. ಆರ್. ಬ್ಲೆವಿಟ್ ಎಂಬ ಅಧಿಕಾರಿ ಹಿಡಿದ ಹಕ್ಕಿಯನ್ನು ನೋಡಿ ಎ. ಓ. ಹ್ಯೂಮ್ ಹೆಸರಿಟ್ಟ. ಕಾಂಗ್ರೆಸ್ ಸ್ಥಾಪಕನೆಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಹ್ಯೂಮ್. ಆತ ತನ್ನ ಕಾಲದ ಅತಿದೊಡ್ಡ ಪಕ್ಷಿ ಸಂಗ್ರಾಹಕ. ದೇಶದ ಮೂಲೆಮೂಲೆಯ ಅಧಿಕಾರಿಗಳು ಅವನಿಗೆ ಹಕ್ಕಿಯ ಚರ್ಮ, ಮೊಟ್ಟೆ ಕಳಿಸುತ್ತಿದ್ದರು. 1885ರಲ್ಲಿ ಆತ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ ಚರ್ಮ, ಮೊಟ್ಟೆ, ಗೂಡುಗಳ ಲೆಕ್ಕ ಸುಮಾರು 82 ಸಾವಿರ. ಹ್ಯೂಮನ ಬಳಗದ ಡೇವಿಡ್ಸನ್ ಐ.ಸಿ.ಎಸ್. ಅಧಿಕಾರಿ. 1880ರ ಸುಮಾರಿಗೆ ಖಾನದೇಶದಲ್ಲಿದ್ದಾಗ ಶಹಾದಾ, ತಳೋದಾ ಕಡೆಯ ಕಾಡುಗಳಿಂದ ಈ ಗೂಬೆಯ ಕೆಲವು ಮಾದರಿಗಳನ್ನು ಸಂಗ್ರಹಿಸಿದ. 1884ರ ನಂತರ ಯಾರಿಗೂ ಹಕ್ಕಿ ಸಿಗಲಿಲ್ಲ. ಇಡೀ ಜಗತ್ತಿನ ಮ್ಯೂಸಿಯಮ್ಮುಗಳಲ್ಲಿ ಉಳಿದದ್ದು ಏಳೇ ಏಳು ಚರ್ಮ.

ಏಳರಲ್ಲಿ ಒಂದರ ಚೀಟಿ ಬೇರೆಯೇ ಕಥೆ ಹೇಳುತ್ತಿತ್ತು. ಗುಜರಾತಿನ ತಾಪಿ ದಂಡೆಯ ಮಾಂಡ್ವಿ, ಅಕ್ಟೋಬರ್ 1914, ಸಂಗ್ರಾಹಕ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್. ಆತ ಯುದ್ಧವೀರ, ಬೇಹುಗಾರ, ಹೆಸರಾಂತ ಪಕ್ಷಿತಜ್ಞ. 1937ರಲ್ಲಿ ನಮ್ಮ ಸಲೀಂ ಅಲಿಯವರು ಅವನೊಡನೆ ಅಫ್ಘಾನಿಸ್ತಾನಕ್ಕೂ ಹೋಗಿದ್ದರು. ಅಂಥವನ ಚೀಟಿಯನ್ನು ಅನುಮಾನಿಸುವುದು ಯಾರಿಗೆ ಹೊಳೆದೀತು? ಪುಸ್ತಕಗಳಲ್ಲಿ ಮಾಂಡ್ವಿ ಸೇರಿಕೊಂಡಿತು. ಹಕ್ಕಿ 1914ರವರೆಗೂ ಇತ್ತು, ಗುಜರಾತಿನಲ್ಲೂ ಇತ್ತು ಎಂದಾಯಿತು.

1990ರ ದಶಕದಲ್ಲಿ ಅಮೆರಿಕದ ಪಮೇಲಾ ರಾಸ್ಮುಸ್ಸೆನ್ ಮತ್ತು ಇಂಗ್ಲೆಂಡಿನ ನೈಜೆಲ್ ಕಾಲರ್ ಈ ಏಳೂ ಚರ್ಮಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದರು, ಎಕ್ಸ್-ರೇ ತೆಗೆಸಿದರು. ಹಕ್ಕಿಯ ಚರ್ಮ ಬಿಡಿಸಿ, ಹತ್ತಿ ತುಂಬಿ, ಹೊಲಿಯುವುದರಲ್ಲಿ ಪ್ರತಿಯೊಬ್ಬರ ಕೈಯೂ ಬೇರೆ. ಯಾವ ಮೂಳೆ ಉಳಿಸುತ್ತಾರೆ, ಹತ್ತಿ ಹೇಗೆ ಸುತ್ತುತ್ತಾರೆ, ಹೊಲಿಗೆ ಎಲ್ಲಿ ಹಾಕುತ್ತಾರೆ ಎಂಬುದರಲ್ಲಿ ಅವರವರ ಅಭ್ಯಾಸ ಉಳಿದಿರುತ್ತದೆ. ಮೈನರ್ಟ್ಸ್‌ಹಾಗನ್‌ನ ಗೂಬೆಯನ್ನು ಒಮ್ಮೆ ಬಿಚ್ಚಿ ಮತ್ತೆ ತುಂಬಿದ್ದು ಗೊತ್ತಾಯಿತು. ಒಳಗೆ ಉಳಿದಿದ್ದ ಮೊದಲ ಕೈಯ ಗುರುತು ಡೇವಿಡ್ಸನ್‌ನದು. ಮ್ಯೂಸಿಯಮ್ಮಿನಿಂದ ಡೇವಿಡ್ಸನ್‌ನ ಹಕ್ಕಿ ಕದ್ದು, ಹತ್ತಿ ಬದಲಿಸಿ, ಹಳೆಯ ಚೀಟಿ ಕಿತ್ತು, ತನ್ನ ಹೆಸರಿನ ಹೊಸ ಚೀಟಿ ಕಟ್ಟಿದ್ದ ಆ ಕರ್ನಲ್. 1919ರಲ್ಲೇ ಅನುಮತಿಯಿಲ್ಲದೆ ಮಾದರಿಗಳನ್ನು ಒಯ್ದನೆಂದು ಲಂಡನ್ನಿನ ಮ್ಯೂಸಿಯಂ ಅವನನ್ನು ಪಕ್ಷಿಕೋಣೆಗೆ ಕೆಲಕಾಲ ಬರಗೊಟ್ಟಿರಲಿಲ್ಲ. ಆದರೂ ಮುಂದೆ ಅವನ ಇಪ್ಪತ್ತು ಸಾವಿರ ಹಕ್ಕಿಗಳ ಸಂಗ್ರಹ ಅದೇ ಮ್ಯೂಸಿಯಂ ಸೇರಿತು. ಅದರಲ್ಲಿ ಇನ್ನೆಷ್ಟು ಚೀಟಿ ಸುಳ್ಳೋ ಎಂದು ಪಕ್ಷಿಶಾಸ್ತ್ರಜ್ಞರು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಯಿತು.

ಸುಳ್ಳು ಬಯಲಾದದ್ದರಿಂದ ಆದ ದೊಡ್ಡ ಉಪಕಾರವೆಂದರೆ ಮಾಂಡ್ವಿ ಪಟ್ಟಿಯಿಂದ ಬಿಟ್ಟುಹೋಯಿತು. ರಾಸ್ಮುಸ್ಸೆನ್ ಇನ್ನಿಬ್ಬರನ್ನು ಕೂಡಿಕೊಂಡು ನಿಜವಾದ ಚೀಟಿಗಳು ತೋರಿದ ಊರುಗಳನ್ನಷ್ಟೇ ಹುಡುಕಿಕೊಂಡು ಹೋದರು. 1997ರ ನವೆಂಬರಿನಲ್ಲಿ ಶಹಾದಾ ಹತ್ತಿರದ ಕಾಡಿನಲ್ಲಿ, ಹಾಡುಹಗಲು, ಒಂದು ಬೋಳು ಮರದ ಮೇಲೆ ಹಕ್ಕಿ ಕೂತಿತ್ತು. ಡೇವಿಡ್ಸನ್ ಬರೆದಿಟ್ಟ ಊರು ಶತಮಾನ ಕಳೆದ ಮೇಲೂ ಸರಿದಾರಿ ತೋರಿಸಿತು.

ಹಕ್ಕಿ ಕದ್ದದ್ದಕ್ಕಿಂತ ಚೀಟಿ ಕದ್ದದ್ದೇ ಇಲ್ಲಿ ಘೋರ ಅಪರಾಧ ಎಂದು ನನಗೆ ಅನಿಸುತ್ತದೆ. ಹಕ್ಕಿ ಕದ್ದರೆ ಮ್ಯೂಸಿಯಮ್ಮಿಗೆ ಒಂದು ಚರ್ಮ ನಷ್ಟ. ಚೀಟಿ ಬದಲಿಸಿದರೆ ಒಂದು ಕಾಡಿನ ಸಾಕ್ಷಿಯೇ ನಾಶ. ಚೀಟಿಯಿಲ್ಲದ ಮಾದರಿಯೆಂದರೆ ಪಹಣಿಯಿಲ್ಲದ ಜಮೀನು. ಕಣ್ಣೆದುರು ಇದ್ದರೂ ಯಾವ ಊರಿನದು, ಯಾರದು ಎಂದು ಹೇಳಲಾಗದು.

ಆ ಚೀಟಿ ಕಟ್ಟುವ ತನಕದ ಕೆಲಸ ಎಂಥದೆಂದು ಒಂದು ಇಲಿಯ ಮಟ್ಟಿಗಾದರೂ ಹತ್ತಿರದಿಂದ ನೋಡಬೇಕು. ಸಂಜೆ ಗದ್ದೆಯ ಬದುವಿನುದ್ದಕ್ಕೂ, ಪೊದೆಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಬೋನು ಇಡಬೇಕು. ಬೆಳಕು ಹರಿಯುವ ಮೊದಲೇ ಹೋಗಿ ಎತ್ತಬೇಕು, ಇಲ್ಲದಿದ್ದರೆ ಇರುವೆಗಳು ಕಿವಿ ತಿಂದಿರುತ್ತವೆ. ಮೊದಲ ಕೆಲಸ ಅಳತೆ: ಮೂಗಿನಿಂದ ಬಾಲದ ಬುಡದವರೆಗೆ, ಬಾಲ, ಹಿಂಗಾಲಿನ ಪಾದ, ಕಿವಿ. ಎಲ್ಲ ಮಿಲಿಮೀಟರಿನಲ್ಲಿ. ಒಣಗಿದ ಮೇಲೆ ಚರ್ಮ ಕುಗ್ಗುವುದರಿಂದ ಈ ಅಳತೆ ಮತ್ತೆ ಸಿಗುವುದಿಲ್ಲ. ಹೊಟ್ಟೆಯ ಮೇಲೆ ಸಣ್ಣದೊಂದು ಸೀಳು. ಅಲ್ಲಿಂದ ಚರ್ಮವನ್ನು ಕೋಟು ಬಿಚ್ಚಿದಂತೆ ಹಿಂದಕ್ಕೆ ಸರಿಸುತ್ತ ಹೋಗಬೇಕು. ಕಾಲಿನ ಮೂಳೆಗಳನ್ನು ಚರ್ಮದಲ್ಲೇ ಉಳಿಸಬೇಕು. ಬಾಲದ ಒಳಗಿನ ಎಲುಬನ್ನು ಉಗುರುಗಳ ನಡುವೆ ಹಿಡಿದು ಒಂದೇ ಎಳೆತಕ್ಕೆ ಹೊರತೆಗೆಯಬೇಕು. ಅತಿ ಸೂಕ್ಷ್ಮದ ಜಾಗ ಕಣ್ಣಿನ ರೆಪ್ಪೆ ಮತ್ತು ತುಟಿ. ಬ್ಲೇಡು ಕೂದಲೆಳೆಯಷ್ಟು ಅತ್ತಿತ್ತಾದರೂ ಮುಖ ಹರಿಯುತ್ತದೆ. ಚರ್ಮದ ಒಳಮೈಗೆ ಪಾಷಾಣ ಬೆರೆಸಿದ ಸಾಬೂನು ಬಳಿಯುತ್ತಿದ್ದರು. ಹುಳು ಹತ್ತುವುದಿಲ್ಲ, ಆದರೆ ಬಳಿದವರ ಉಗುರಿನಲ್ಲಿ ವಿಷ. ಬಾಲಕ್ಕೆ ಹತ್ತಿ ಸುತ್ತಿದ ತಂತಿ, ಒಡಲಿಗೆ ಹತ್ತಿ, ಮೇಲೆ ಹೊಲಿಗೆ. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಸಿ ಹಲಗೆಗೆ ಟಾಚಣಿ ಚುಚ್ಚಿ ಒಣಗಲು ಬಿಡಬೇಕು. ತಲೆಬುರುಡೆಯನ್ನು ಬೇರೆಯಾಗಿ ಒಣಗಿಸಿ, ಅದೇ ನಂಬರು ಕಟ್ಟಬೇಕು. ಇಲಿಗಳ ಜಾತಿ ತೀರ್ಮಾನಿಸುವುದು ಬಹಳಮಟ್ಟಿಗೆ ಹಲ್ಲು ನೋಡಿಯೇ.

ಕೊನೆಗೆ ಚೀಟಿ. ನಂಬರು, ಊರು, ಸಮುದ್ರಮಟ್ಟದಿಂದ ಎತ್ತರ, ತಾರೀಕು, ಗಂಡೋ ಹೆಣ್ಣೋ, ಅಳತೆ, ಹೆಸರು. ಲ್ಯಾಂಪಿನ ಬೆಳಕಿನಲ್ಲಿ, ಸೊಳ್ಳೆಗಳ ನಡುವೆ, ದಿನವಿಡೀ ದುಡಿದ ಕೈಯಲ್ಲಿ ಒಂದಕ್ಷರ ತಪ್ಪದೆ ಇದನ್ನು ಬರೆಯಬೇಕಿತ್ತು. ಮರುದಿನ ಎತ್ತಿನ ಗಾಡಿಗೆ ಡೇರೆ ಹೇರಿ ಮುಂದಿನೂರು. ಈ ಕೆಲಸವನ್ನು ಬೇಟೆಯ ಶೋಕಿಯೆಂದು ತಳ್ಳಿಹಾಕುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಶೋಕಿಗೆ ಬೇಟೆಯಾಡುವವನಿಗೆ ಇಲಿಯ ಕಿವಿಯ ಅಳತೆ ಬೇಕಾಗುವುದಿಲ್ಲ.

ಡೇವಿಡ್ಸನ್ ಕಾರವಾರಕ್ಕೆ ಬಂದಾಗ ಅಲ್ಲಿ ಒಂದು ಅಪರೂಪದ ಕೂಟ ಸೇರಿತು. ಅದರ ಎರಡನೆಯವ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಓದುಗರಿಗೆ ಇ.ಎಚ್.ಎ. ಎಂಬ ಮೂರಕ್ಷರದಿಂದ ಪರಿಚಿತ. ಹುಟ್ಟಿದ್ದು 1851ರಲ್ಲಿ ಸಾತಾರದಲ್ಲಿ, ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮಗ. ಓದಿದ್ದು ಮುಂಬಯಿ, ಪುಣೆಯಲ್ಲೇ. ಕೆಲಕಾಲ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ 1876ರಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದ. ಆ ನೌಕರಿ ಅವನನ್ನು ಕಚ್ಛದ ರಣದಂಚಿನ ಖಾರಾಘೋಡಾ, ಉರಣ, ಗೋವೆಯ ಗಡಿ, ಉತ್ತರ ಕನ್ನಡ, ರತ್ನಾಗಿರಿ ಎಂದು ಕರಾವಳಿಯುದ್ದಕ್ಕೂ ತಿರುಗಿಸಿತು. ಉಪ್ಪಿನ ಮೇಲೆ ಸರ್ಕಾರಿ ಸುಂಕವಿದ್ದ ಕಾಲ. ಉಪ್ಪಿನ ಅಧಿಕಾರಿಯೆಂದರೆ ಅಗರಗಳ ಏರಿಯ ಮೇಲೆ, ಖಾಡಿಯ ಕೆಸರಿನ ಬದಿಯಲ್ಲಿ, ಗಡಿಯ ಕಾಡುದಾರಿಯಲ್ಲಿ ಅಲೆಯುವವನು. ಏಟ್ಕನ್ ಕಣ್ಣು ತೆರೆದುಕೊಂಡು ಅಲೆದ.

ಉರಣ ಇವತ್ತು ನವಿಮುಂಬಯಿಯ ತುದಿ. 2024ರ ಜನವರಿಯಿಂದ ಅಲ್ಲಿಗೂ ಲೋಕಲ್ ರೈಲು ಓಡುತ್ತಿದೆ. ಏಟ್ಕನ್ ತಿರುಗಿದ ಕಾಲದ ಉಪ್ಪಿನಗರ, ಕಾಂಡ್ಲಾ, ಗದ್ದೆ, ಕೋಳಿ ಮತ್ತು ಆಗರಿ ಜನರ ಹಳ್ಳಿಗಳ ಮೇಲೆ 1970ರಿಂದ ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಊರು ಕಟ್ಟಿತು. 1989ರಲ್ಲಿ ನ್ಹಾವಾ ಶೇವಾ ಬಂದರು ಬಂತು. ಉಲ್ವೆಯ ಗುಡ್ಡ ಕಡಿದು ವಿಮಾನ ನಿಲ್ದಾಣ ಬಂತು. ಪಾಂಜೆಯ ಜವುಗಿನಲ್ಲಿ ಚಳಿಗಾಲದ ಹಕ್ಕಿಗಳು ಇನ್ನೂ ಇಳಿಯುತ್ತವೆ, ಅದನ್ನೂ ಮುಚ್ಚುವುದನ್ನು ತಡೆಯಲು ಊರವರು ಹೋರಾಡುತ್ತಿದ್ದಾರೆ. ವಾಶಿ, ನೆರೂಳು, ಸಾನಪಾಡಾದಲ್ಲಿ ಮನೆ ಮಾಡಿದ ನಮ್ಮವರ ಕಾಲಡಿಯ ನೆಲ ಹಿಂದೆ ಹೇಗಿತ್ತೆಂದು ತಿಳಿಯಬೇಕಾದರೆ ಇಂಥ ಅಲೆಮಾರಿಗಳು ಬರೆದಿಟ್ಟ ಟಿಪ್ಪಣಿ, ಕಟ್ಟಿಟ್ಟ ಚೀಟಿಗಳನ್ನೇ ಕೇಳಬೇಕು.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟುಹಾಕಿದರು. ಏಟ್ಕನ್ ಅವರಲ್ಲೊಬ್ಬ. ಇಬ್ಬರು ಭಾರತೀಯರಿದ್ದರು, ಇಬ್ಬರೂ ವೈದ್ಯರು: ಪ್ರಾರ್ಥನಾ ಸಮಾಜದ ಡಾ. ಆತ್ಮಾರಾಮ ಪಾಂಡುರಂಗ ಮತ್ತು ವೈದ್ಯೆ ರುಖಮಾಬಾಯಿಯ ಮಲತಂದೆ ಡಾ. ಸಖಾರಾಮ ಅರ್ಜುನ. ತಂತಮ್ಮ ಸಂಗ್ರಹವನ್ನು ಒಬ್ಬರಿಗೊಬ್ಬರು ತೋರಿಸುವುದು, ಕಂಡದ್ದನ್ನು ಹೇಳಿಕೊಳ್ಳುವುದು, ಇಷ್ಟೇ ಆಗ ಉದ್ದೇಶ. ಮೂರು ವರ್ಷದ ಮೇಲೆ ನಿಯತಕಾಲಿಕ ಶುರುವಾಯಿತು. ಅದರ ಮೊದಲ ಇಬ್ಬರು ಸಂಪಾದಕರಲ್ಲೂ ಏಟ್ಕನ್ ಒಬ್ಬ.

ಕಾರವಾರದ ಕೂಟದ ಮೂರನೆಯವ ಟಿ. ಆರ್. ಬೆಲ್. ಐರ್ಲೆಂಡಿನಲ್ಲಿ 1863ರಲ್ಲಿ ಹುಟ್ಟಿ ಅರಣ್ಯ ಇಲಾಖೆಗೆ ಬಂದವನು. ಒಬ್ಬ ಜಿಲ್ಲಾ ಕಲೆಕ್ಟರ್, ಒಬ್ಬ ಉಪ್ಪಿನ ಅಧಿಕಾರಿ, ಒಬ್ಬ ಅರಣ್ಯಾಧಿಕಾರಿ. ಮೂವರಿಗೂ ಕೆಲಸದ ನೆಪದಲ್ಲಿ ಜಿಲ್ಲೆಯ ಮೂಲೆಮೂಲೆ ತಿರುಗುವ ಅವಕಾಶ. ಚಿಟ್ಟೆ ಹಿಡಿದು ಟಾಚಣಿ ಚುಚ್ಚಿ ಪೆಟ್ಟಿಗೆಯಲ್ಲಿಡುವವರು ಆಗ ಬೇಕಾದಷ್ಟು ಮಂದಿ. ಇವರು ಹಿಡಿದ ದಾರಿ ಬೇರೆ. ಚಿಟ್ಟೆ ಮೊಟ್ಟೆಯಿಡುವ ಗಿಡ ಹುಡುಕಿದರು, ಕಂಬಳಿಹುಳುವನ್ನು ಮನೆಗೆ ತಂದು ಅದೇ ಗಿಡದ ಎಲೆ ಹಾಕಿ ಸಾಕಿದರು, ಕೋಶವಾಗುವುದನ್ನೂ ಅದು ಒಡೆದು ಚಿಟ್ಟೆ ಬರುವುದನ್ನೂ ಕಾದು ಬರೆದರು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಎಲೆಯೇ ಬೇಕು ಎನ್ನುವಂಥ ಸಂಬಂಧಗಳು ತಿಳಿಯುವುದು ಹೀಗೆ ಸಾಕಿದಾಗಲೇ. ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಮೂವರೂ ಸೇರಿ ಬರೆದ ದೀರ್ಘ ಪ್ರಬಂಧ 1896ರಿಂದ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಕಂತಾಗಿ ಬಂತು. ಚಿಟ್ಟೆಯ ಬಾಲ್ಯವನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ ಕೆಲಸ ಆಗ ದೇಶದಲ್ಲೇ ವಿರಳ. ಬೆಲ್ ಅಂತೂ ಊರು ಬಿಡಲೇ ಇಲ್ಲ. 1920ರಲ್ಲಿ ನಿವೃತ್ತನಾಗಿ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ಅಲ್ಲೇ ತೀರಿಕೊಂಡ. ಅವನ ಕೀಟಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ; ಚೀಟಿಗಳ ಮೇಲೆ ಕಾರವಾರದ ಹೆಸರಿದೆ.

ಕಾರವಾರದಿಂದ ಸೊಸೈಟಿಗೆ ಜೀವಂತವಾಗಿ ಹೋದ ಒಬ್ಬನ ಸುದ್ದಿ ಇಲ್ಲಿ ಬರಲೇಬೇಕು. 1894ರ ಮೇ ತಿಂಗಳಲ್ಲಿ ಹುಟ್ಟಿದ ಒಂದು ರಾಜ ಮಂಗಟ್ಟೆಯ ಮರಿಯನ್ನು ಕಾರವಾರದ ಎಚ್. ಇಂಗಲ್ ಎಂಬವರು ಮೂರು ತಿಂಗಳ ಮೇಲೆ ಸೊಸೈಟಿಗೆ ಕೊಟ್ಟರು. ವಿಲಿಯಂ ಎಂದು ಹೆಸರಿಟ್ಟರು. ಕೊಕ್ಕಿನಿಂದ ಬಾಲದವರೆಗೆ ನಾಲ್ಕಡಿಗೂ ಮಿಕ್ಕಿ ಬೆಳೆದ ಅದು 1920ರವರೆಗೆ, ಇಪ್ಪತ್ತಾರು ವರ್ಷ, ಸೊಸೈಟಿಯ ಕಚೇರಿಯಲ್ಲೇ ಬಾಳಿತು. ಕೋಟೆ ಪ್ರದೇಶದಲ್ಲಿರುವ ಸೊಸೈಟಿಯ ಈಗಿನ ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್, ಲಾಂಛನದಲ್ಲಿ ಇರುವುದು ಅದೇ ಹಕ್ಕಿ. ಕಾಳಿ ಕಣಿವೆಯಲ್ಲಿ ರೆಕ್ಕೆಯ ಸದ್ದು ಮಾಡಿ ಹಾರಬೇಕಾದ ಹಕ್ಕಿ ಊರ ನಡುವಿನ ಕಚೇರಿಯಲ್ಲಿ ಮುದಿಯಾಯಿತಲ್ಲ ಎಂಬ ಸಂಕಟ ನನಗಿದೆ. ಅಷ್ಟು ವರ್ಷ ಅಲ್ಲಿಗೆ ಬಂದುಹೋದವರೆಲ್ಲ ಅದನ್ನು ಕಂಡು ಪ್ರೀತಿಸಿದರೆಂಬುದೂ ನಿಜ.

1911ರಲ್ಲಿ ಸೊಸೈಟಿ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿತು. ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಚಂದಾ ಎತ್ತಿದರು. ಸಂಬಳದ ಸಂಗ್ರಾಹಕರನ್ನು ನೇಮಿಸಿ ದೇಶದ ಸಸ್ತನಿಗಳ ಸಮೀಕ್ಷೆ ಶುರುಮಾಡಿದರು. 1923ರವರೆಗೆ ಅದು ನಡೆಯಿತು. ಸಿ. ಎ. ಕ್ರಂಪ್ ಮೊದಲು ಹೋದದ್ದು ಖಾನದೇಶಕ್ಕೆ. ಜಿ. ಸಿ. ಶಾರ್ಟ್‌ರಿಜ್ ಧಾರವಾಡ, ಉತ್ತರ ಕನ್ನಡ, ಕೊಡಗು ತಿರುಗಿದ. ಎನ್. ಎ. ಬ್ಯಾಪ್ಟಿಸ್ಟಾ ನೇಪಾಳದವರೆಗೆ ಹೋದ. ಲಂಡನ್ನಿನಲ್ಲಿ ಕುಳಿತು ಬಂದದ್ದನ್ನೆಲ್ಲ ಪರೀಕ್ಷಿಸಿ ವರದಿ ಬರೆದವರು ಆರ್. ಸಿ. ರೌಟನ್, ಮುಂಬಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತರಾದವರು.

ಈ ಸಮೀಕ್ಷೆಯ ಕಾಲದ ಅತ್ಯಂತ ಸೋಜಿಗದ ಮಾದರಿ ಸಿಕ್ಕಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಕ್ಯಾಸಲ್ ರಾಕ್‌ಗೆ ದೂರವಲ್ಲದ ತಳೇವಾಡಿಯ ಕಾಡಿನಲ್ಲಿ ಬಾರಾಪೇಡೆ ಗುಹೆಯಿದೆ. ಅಲ್ಲಿಂದ ಎಸ್. ಎಚ್. ಪ್ರೇಟರ್ ತಂದ ಬಾವಲಿಯನ್ನು ನೋಡಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಬೆರಗಾದರು. ಮೂತಿಯನ್ನೂ ಮೀರಿ ಚಾಚಿದ ದೊಡ್ಡ ಕಿವಿಗಳು, ಮಖಮಲ್ಲಿನಂಥ ಕಂದು ಮೈ, ಹೆಗಲ ಮೇಲೆ ಬೂದುಬಿಳಿ ಪಟ್ಟೆ. 1913ರಲ್ಲಿ ರೌಟನ್ ಹೆಸರಿನಲ್ಲೇ ಅದಕ್ಕೆ ನಾಮಕರಣವಾಯಿತು. ಆಮೇಲೆ ಸುಮಾರು ತೊಂಬತ್ತು ವರ್ಷ ಜಗತ್ತಿನಲ್ಲಿ ಅದಕ್ಕೆ ತಿಳಿದ ವಿಳಾಸ ಆ ಒಂದೇ ಗುಹೆ! ಈ ಶತಮಾನದ ಹೊಸ್ತಿಲಲ್ಲಿ ಕಾಂಬೋಡಿಯಾದಲ್ಲೂ ಮೇಘಾಲಯದಲ್ಲೂ ಕಂಡಿತು. ಗುಹೆಯಿರುವ ಭೀಮಗಡದ ಕಾಡು 2011ರಲ್ಲಿ ಅಭಯಾರಣ್ಯವಾದಾಗ ಈ ಬಾವಲಿ ಅದಕ್ಕೊಂದು ಗಟ್ಟಿ ಕಾರಣವಾಗಿತ್ತು. ಪ್ರೇಟರ್ ನೀಲಗಿರಿಯಲ್ಲಿ ಹುಟ್ಟಿದ ಆಂಗ್ಲೋ-ಇಂಡಿಯನ್. ಹದಿನೇಳರ ವಯಸ್ಸಿಗೆ, 1907ರಲ್ಲಿ, ಸೊಸೈಟಿ ಸೇರಿ ಕ್ಯುರೇಟರ್ ಆದವರು. ಮುಂಬಯಿಯಲ್ಲಿ ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಎಂದು ಕರೆಯುತ್ತಿದ್ದ ಮ್ಯೂಸಿಯಮ್ಮಿನ ಪ್ರಾಣಿ ವಿಭಾಗದಲ್ಲಿ ಗಾಜಿನ ಹಿಂದೆ ಕಾಡನ್ನೇ ನಿಲ್ಲಿಸಿದ ದೃಶ್ಯಗಳಿವೆಯಲ್ಲ, ಅವುಗಳ ಹಿಂದಿನ ದುಡಿಮೆ ಅವರದು. ಸಂವಿಧಾನ ರಚನಾ ಸಭೆಯಲ್ಲೂ ಅವರು ಸದಸ್ಯರಾಗಿದ್ದರು.

ಇಷ್ಟೆಲ್ಲ ಹೆಸರು ಬರೆಯುವಾಗ ಬರೆಯಲಾಗದ ಹೆಸರುಗಳು ಮನಸ್ಸನ್ನು ಕಾಡುತ್ತವೆ. ಬಾವಲಿಯ ಗುಹೆಗೆ ದಾರಿ ಗೊತ್ತಿದ್ದದ್ದು ಆ ಕಾಡಿನವರಿಗೆ. ಇಲಿಯ ಬಿಲ ಯಾವುದು, ಹಾವಿನ ಹುತ್ತ ಯಾವುದು ಎಂದು ನೆಲ ನೋಡಿ ಹೇಳಬಲ್ಲವರು ವಡ್ಡರು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದಾಗ ಪ್ರಾಣಿಗಳ ಎದುರು ಕನ್ನಡದವರ, ವಡ್ಡರ ಹೆಸರುಗಳನ್ನು ನಿಷ್ಠೆಯಿಂದ ಬರೆದ. ಅವನು ಕಳಿಸಿದ ಒಂದು ಹೊಲದಿಲಿಗೆ ಲಂಡನ್ನಿನಲ್ಲಿ ವಡ್ಡರು ಕರೆಯುತ್ತಿದ್ದ ಹೆಸರನ್ನೇ ತುಸು ತಿದ್ದಿ ಇಟ್ಟರು. ಮುಂದೆ ಸಮೀಕ್ಷೆಯ ಮಿಲ್ಲಾರ್ಡ್ ಹೆಸರೂ ಅದಕ್ಕೆ ಸೇರಿ ಅದು ಈಗ ಮಿಲ್ಲಾರ್ಡಿಯಾ ಮೆಲ್ಟಾಡಾ. ಚಂದಾ ಎತ್ತಿದ ಸಾಹೇಬ, ಬಿಲ ಅಗೆದ ವಡ್ಡ ಇಬ್ಬರೂ ಒಂದೇ ಸಾಲಿನಲ್ಲಿರುವುದು ನನಗೆ ತಿಳಿದಂತೆ ಬಲು ಅಪರೂಪ. ಉಳಿದ ಸಾವಿರಾರು ಚೀಟಿಗಳಲ್ಲಿ ಚರ್ಮ ಬಿಡಿಸಿದವನ, ದಾರಿ ತೋರಿದವನ, ಬೋನು ಹೊತ್ತವನ ಹೆಸರಿಗೆ ಜಾಗವಿರಲಿಲ್ಲ. ಅದು ಅನ್ಯಾಯ.

ಕೊಂದದ್ದರ ಬಗ್ಗೆಯೂ ಮಾತಾಡಬೇಕು. ಒಂದೊಂದು ಡ್ರಾಯರಿನಲ್ಲಿ ಒಂದೇ ಜಾತಿಯ ಹತ್ತಿಪ್ಪತ್ತು ಹಕ್ಕಿಗಳು ಸಾಲಾಗಿ ಬೆನ್ನ ಮೇಲೆ ಮಲಗಿರುವುದನ್ನು ಕಂಡರೆ ಎದೆ ಹಿಂಡುತ್ತದೆ. ಇಷ್ಟು ಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ದುರ್ಬೀನು, ಕ್ಯಾಮೆರಾ ಕೈಗೆಟುಕದ ಕಾಲದಲ್ಲಿ ಹಕ್ಕಿಯನ್ನು ಗುರುತಿಸಲು ಬೇರೆ ದಾರಿ ಇರಲಿಲ್ಲವೆಂಬುದೂ ಅಷ್ಟೇ ನ್ಯಾಯವಾದ ಉತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸಂರಕ್ಷಿತ ಪ್ರಾಣಿಗಳನ್ನು ವಿಜ್ಞಾನಕ್ಕೆಂದರೂ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಆಗಿಹೋದದ್ದನ್ನು ಹಿಂದಕ್ಕೆ ತರಲಾಗದು. ಆದರೆ ಆ ಚರ್ಮಗಳು ಹಿಡಿದವರೂ ಎಣಿಸಿರದ ಸಾಕ್ಷಿಗಳನ್ನು ಇವತ್ತು ಹೇಳುತ್ತಿವೆ. 1967ರಲ್ಲಿ ಇಂಗ್ಲೆಂಡಿನ ಡೆರೆಕ್ ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳ ಡೇಗೆ ಮೊಟ್ಟೆಗಳನ್ನು ಹೊಸವುಗಳೊಡನೆ ಹೋಲಿಸಿ, ಡಿ.ಡಿ.ಟಿ. ಬಂದ ವರ್ಷಗಳಿಂದಲೇ ಚಿಪ್ಪು ತೆಳ್ಳಗಾಗಿದ್ದನ್ನು ತೋರಿಸಿದ. ಆ ಕೀಟನಾಶಕದ ವಿರುದ್ಧ ನಿಂತ ಬಲವಾದ ಪುರಾವೆಗಳಲ್ಲಿ ಅದೊಂದು. 2017ರಲ್ಲಿ ಶಿಕಾಗೋದ ಇಬ್ಬರು ಯುವ ಸಂಶೋಧಕರು 135 ವರ್ಷಗಳ ಸಾವಿರಕ್ಕೂ ಹೆಚ್ಚು ಹಕ್ಕಿಗಳ ಗರಿಯ ಮೇಲಿನ ಮಸಿಯನ್ನು ಅಳೆದರು. ಹಕ್ಕಿ ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ಬೆಳೆಸುತ್ತದೆ. ಹಾಗಾಗಿ ಗರಿಗೆ ಹತ್ತಿದ ಮಸಿ ಆ ವರ್ಷದ ಗಾಳಿಯದೇ. ಕಲ್ಲಿದ್ದಲು ಉರಿದ ದಶಕಗಳ ಲೆಕ್ಕ ಅದರಲ್ಲಿ ಸಿಕ್ಕಿತು.

ಡೊಂಬಿವಲಿಯಲ್ಲಿ ಬಾಳಿದವರಿಗೆ ಈ ಮಾತು ಬೇಗ ಮನಸ್ಸಿಗೆ ತಾಗುತ್ತದೆ. 2020ರಲ್ಲಿ ನಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಲು ಮುಖ್ಯಮಂತ್ರಿಯೇ ಬಂದಿದ್ದರು. ಉಲ್ಹಾಸ್ ನದಿಯ ಹಳೆಯ ಕೊಕ್ಕರೆ, ಕಲ್ಯಾಣದ ಹಳೆಯ ಗುಬ್ಬಿ, ಥಾಣೆ ಖಾಡಿಯ ಹಳೆಯ ಉಲ್ಲಂಕಿ, ಕಾಲಿಗೆ ಸರಿಯಾದ ಚೀಟಿಯಿದ್ದರೆ ಈ ಊರುಗಳ ಗಾಳಿ, ನೀರು ಯಾವಾಗ ಎಷ್ಟು ಕೆಟ್ಟಿತೆಂದು ಲೆಕ್ಕ ಕೊಡಬಲ್ಲವು. ಸೊಸೈಟಿಯ ಒಂದು ಲಕ್ಷಕ್ಕೂ ಮಿಕ್ಕ ಮಾದರಿಗಳನ್ನು ಧೂಳು, ತೇವ, ಹುಳಗಳಿಂದ ಕಾಪಾಡುವ ಕೆಲಸಕ್ಕೆ ಹಣ ಹುಡುಕುವುದು ನಗರದ ಹೊಣೆ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿನ ಹಕ್ಕಿಗಳ ಪಟ್ಟಿ ಮಾಡಲು 1960ರ ದಶಕದಲ್ಲಿ ಕುಳಿತ ಹುಮಾಯೂನ್ ಅಬ್ದುಲಾಲಿ ಅದನ್ನು ಕಂತುಕಂತಾಗಿ ಪ್ರಕಟಿಸುತ್ತ ಸುಮಾರು ಮೂವತ್ತು ವರ್ಷ ಸವೆಸಿದರು. ಒಂದೊಂದು ಚೀಟಿ ಓದುವುದು ಅಷ್ಟು ತಾಳ್ಮೆಯ ಕೆಲಸ.

ಈಗ ಚೀಟಿ ಜೀವಂತ ಹಕ್ಕಿಯ ಮೈಗೇ ಏರಿದೆ. ಐರೋಳಿ, ಭಾಂಡೂಪ್‌ಗಳ ನಡುವಿನ ಥಾಣೆ ಖಾಡಿಯ ಕೆಸರಿಗೆ ಚಳಿಗಾಲದಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಇಳಿಯುತ್ತವೆ. 2015ರಲ್ಲಿ ಖಾಡಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಅದೇ ವರ್ಷ ಸೊಸೈಟಿಯ ವಿಜ್ಞಾನಿಗಳು ಆರು ರಾಜಹಂಸಗಳನ್ನು ಹಿಡಿದು, ಬೆನ್ನಿಗೆ ಜಿಪಿಎಸ್ ಸಾಧನ ಕಟ್ಟಿ, ಮತ್ತೆ ಹಾರಿಬಿಟ್ಟರು. ಒಂದರ ಹೆಸರು ಹುಮಾಯೂನ್. ಇನ್ನೊಂದಕ್ಕೆ ಸಸ್ತನಿ ಸಮೀಕ್ಷೆಯಲ್ಲಿ ದುಡಿದ ಚಾರ್ಲ್ಸ್ ಮೆಕ್ಯಾನ್‌ನ ಹೆಸರು. ಮತ್ತೊಂದು ನವಿಮುಂಬಯಿ. ಹಕ್ಕಿ ಎಲ್ಲಿ ಮೇಯುತ್ತದೆ, ಭರತದಲ್ಲಿ ಎಲ್ಲಿ ತಂಗುತ್ತದೆ, ಮಳೆಗಾಲಕ್ಕೆ ಗುಜರಾತಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಅದೇ ಹೇಳುತ್ತದೆ. ಕೊಲ್ಲಬೇಕಿಲ್ಲ.

ಕೀಟ, ಜೇಡಗಳ ಲೋಕದಲ್ಲಿ ಮಾತ್ರ ಹಳೆಯ ಕೆಲಸ ಇನ್ನೂ ಮುಗಿದಿಲ್ಲ, ಮುಗಿಯುವಂತೆಯೂ ಇಲ್ಲ. ಹೆಸರೇ ಇಲ್ಲದ ಜೀವಿಗಳು ಅಲ್ಲಿ ಇನ್ನೂ ಲೆಕ್ಕವಿಲ್ಲದಷ್ಟಿವೆ. ಬೆರಳಿನ ಉಗುರಿಗಿಂತ ಚಿಕ್ಕ ಜೇಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡದೆ ಜಾತಿ ಹೇಳಲಾಗದು. ಸಂಗ್ರಾಹಕರು ಈಗ ವಿಲಾಯತಿಯಿಂದ ಬಂದವರಲ್ಲ. ಇಲ್ಲಿಯದೇ ಊರುಗಳಿಂದ ಲೋಕಲ್ ಹಿಡಿದು ಬರುವ ಯುವಕರು. ಅವರ ಚೀಲದಲ್ಲಿ ಚಿಕ್ಕ ಸೀಸೆಗಳು, ಆಲ್ಕೊಹಾಲ್, ಪೆನ್ಸಿಲು. ಆಲ್ಕೊಹಾಲಿನಲ್ಲಿ ಶಾಯಿ ಕರಗುವುದರಿಂದ ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯುತ್ತಾರೆ. 2021ರಲ್ಲಿ ಥಾಣೆ–ಕಲ್ಯಾಣ ಭಾಗದಿಂದ ಎರಡು ಹೊಸ ಜಿಗಿಜೇಡಗಳು ವಿಜ್ಞಾನಕ್ಕೆ ಸೇರಿದವು. ಅವುಗಳಲ್ಲಿ ಒಂದಕ್ಕೆ ಸಂಶೋಧಕರು ಆರಿಸಿದ ಹೆಸರು ಇಸಿಯಸ್ ತುಕಾರಾಮಿ: 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಭಯೋತ್ಪಾದಕ ಕಸಬ್‌ನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ಕೊಟ್ಟ ಮುಂಬಯಿ ಪೊಲೀಸ್ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ ಓಂಬಳೆಯವರ ಹೆಸರು.